ಹಗರೆಯಲ್ಲಿ ಬಸ್ಸಿಗೆ ಕಾಯುತ್ತಾ, ಹಾರುವ ಓತಿಯ ನೆನಪು

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ‘ಯಾರ್ರೀ ಹಗರೆ, ಹಗರೆ’ ಎಂದು ಕೂಗಿದಾಗ ಇಳಿಯುವವರಲ್ಲಿ ಮೂರು ಬಗೆ. ಊರಿನವರು ಮೊದಲನೆಯವರು. ಸುತ್ತಲ ಹಳ್ಳಿಗಳಿಗೆ ಇಲ್ಲಿಂದ ನಡೆದೋ ಆಟೋ ಹಿಡಿದೋ ಹೋಗುವವರು ಎರಡನೆಯವರು. ಹೆಗಲಿಗೆ ಕ್ಯಾಮರಾ, ಕೈಯಲ್ಲಿ ನೀರಿನ ಬಾಟಲಿ ಹಿಡಿದು, ‘ಹಳೇಬೀಡು ಬಸ್ಸು ಎಲ್ಲಿ ನಿಲ್ಲುತ್ತೆ ಸಾರ್?’ ಎಂದು ಕೇಳುವವರು ಮೂರನೆಯವರು. ರಸ್ತೆ ಇಲ್ಲಿ ಎರಡಾಗುತ್ತದೆ. ನೇರ ಹೋದರೆ ಬೇಲೂರು, ಬಲಕ್ಕೆ ಹೊರಳಿದರೆ ಹಳೇಬೀಡು. ಪ್ರವಾಸದ ಕೈಪಿಡಿಗಳಲ್ಲಿ ಹಗರೆಯ ಹೆಸರು ಬಂದರೆ ಅದು ‘ಇಲ್ಲಿ ಬಲಕ್ಕೆ ತಿರುಗಬೇಕು’ ಎಂದು ಹೇಳುವುದಕ್ಕೆ ಮಾತ್ರ.

ನಮ್ಮ ಹಳ್ಳಿ ಹಗರೆಯಿಂದ ಮೂರು ಮೈಲಿ ಒಳಗೆ. ಹೈಸ್ಕೂಲಿಗೆಂದು ದಿನಾ ನಡೆದು ಬಂದು ಈ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವನು ನಾನು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಡು ಬಸ್ಸುಗಳ ನಡುವಿನ ಆ ಬಿಡುವಿನಲ್ಲೇ ನಾನು ಚಂದ್ರಲೋಕಕ್ಕೆ ಹೋಗಿದ್ದೇನೆ, ಸಮುದ್ರದ ತಳದಲ್ಲಿ ಕ್ಯಾಪ್ಟನ್ ನೆಮೋನ ಜೊತೆ ಊಟ ಮಾಡಿದ್ದೇನೆ, ಮಾಂತ್ರಿಕನ ಗುಹೆಯಿಂದ ತಪ್ಪಿಸಿಕೊಂಡು ಓಡಿಬಂದಿದ್ದೇನೆ. ಹಗರೆ ನನಗೆ ಓದು ಕಲಿಸಿದ ಊರು ಎಂದರೆ ಅಲ್ಲಿಯ ಮೇಷ್ಟ್ರುಗಳಿಗೆ ಬೇಸರವಾಗಬಹುದು. ಆದರೆ ನಿಜ ಅದೇ.

ಮೊದಲು ಸಿಕ್ಕಿದ್ದು ಚಂದಮಾಮ. ಮದರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಶುರುಮಾಡಿದ ಆ ಮಾಸಪತ್ರಿಕೆ ಈಗ ಬರುವುದಿಲ್ಲ. ನಿಂತು ವರ್ಷಗಳೇ ಆದವು. ಇಂದಿನ ಹುಡುಗರಿಗೆ ಅದರ ರುಚಿ ಹೇಗೆ ತಿಳಿಸುವುದೋ ಗೊತ್ತಾಗುವುದಿಲ್ಲ. ಶಂಕರ್ ಬರೆದ ಆ ಚಿತ್ರ: ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದ ದಾರಿಯಲ್ಲಿ ವಿಕ್ರಮರಾಜ. ಹೆಣದೊಳಗಿನ ಬೇತಾಳ ಕಥೆ ಹೇಳುತ್ತದೆ, ಕೊನೆಗೆ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು. ಹೇಳಿದರೆ ಮೌನಭಂಗವಾಗಿ ಬೇತಾಳ ಮತ್ತೆ ಮರಕ್ಕೆ. ಮೂಲದಲ್ಲಿ ಇಂಥ ಕಥೆಗಳು ಇಪ್ಪತ್ತೈದು. ಚಂದಮಾಮದವರು ಬೇತಾಳನ ಬಾಯಲ್ಲಿ ನೂರಾರು ಹೇಳಿಸಿದರು. ನನಗೆ ಹಿಡಿಸಿದ್ದು ಕಥೆಗಿಂತ ಆ ಪ್ರಶ್ನೆ. ಪುಟ ತಿರುಗಿಸುವ ಮೊದಲು ಬೆರಳನ್ನು ಅಡ್ಡ ಇಟ್ಟುಕೊಂಡು ನಾನೇ ಉತ್ತರ ಹುಡುಕುತ್ತಿದ್ದೆ. ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

ಬೇತಾಳ ಎಲ್ಲೋ ಉಜ್ಜಯಿನಿಯ ಕಡೆಯವನು ಎಂದುಕೊಂಡಿದ್ದ ನನಗೆ, ಅವನು ನಮ್ಮ ರಸ್ತೆಯಲ್ಲೇ ಇದ್ದಾನೆಂದು ತಿಳಿದದ್ದು ಎಂಟನೇ ತರಗತಿಯ ಪ್ರವಾಸದಲ್ಲಿ. ಹಾಸನದಿಂದ ಬರುವಾಗ ಹಗರೆಗೆ ಮೊದಲೇ ದೊಡ್ಡಗದ್ದವಳ್ಳಿಗೆ ಕವಲು ಒಡೆಯುತ್ತದೆ. ಅಲ್ಲಿಯ ಲಕ್ಷ್ಮೀದೇವಿ ಗುಡಿ ಹೊಯ್ಸಳರ ಕಾಲದ ಮೊದಮೊದಲ ಗುಡಿಗಳಲ್ಲೊಂದು, ಹನ್ನೆರಡನೆಯ ಶತಮಾನದ ಆರಂಭದ್ದು. ಕಟ್ಟಿಸಿದವರು ರಾಜರಲ್ಲ, ಕುಲ್ಲಹಣ ರಾಹುತನೆಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿಗಳಲ್ಲಿ ಒಂದು ಕಾಳಿಯದು. ಅದರ ಬಾಗಿಲ ಎರಡೂ ಬದಿಗೆ ಆಳೆತ್ತರದ ಬೇತಾಳಗಳು ನಿಂತಿವೆ. ಎಲುಬು ಎಣಿಸಬಹುದು. ನೇತಾಡುವ ಹೊಟ್ಟೆಯಿಲ್ಲ, ಆಭರಣವಿಲ್ಲ, ಹಲ್ಲು ಕಿರಿದ ತಲೆಬುರುಡೆ. ಬೇಲೂರಿನ ಮದನಿಕೆಯರನ್ನು ನೋಡಿ ಬಂದವರು ಇವನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ನಾನೇ ನೋಡಿದ್ದೇನೆ. 2020ರ ನವೆಂಬರಿನಲ್ಲಿ ಒಳಗಿನ ಕಾಳಿಯ ವಿಗ್ರಹ ಒಡೆದು ಬಿದ್ದಿತ್ತೆಂಬ ಸುದ್ದಿ ಓದಿದಾಗ ಮನೆಯವರಿಗೇ ಏನೋ ಆದಂತೆ ನೋವಾಯಿತು.

ಅದ್ಭುತ ಕಥೆಗಳ ಹುಚ್ಚು ಹಿಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸೀಮೆ ಬೇಕೆ? ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯಲ್ಲಿ ಸಾಲುಸಾಲಾಗಿ ಓಡುವ ಮಕರವನ್ನೇ ನೋಡಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ ಎಂದು ಗೈಡುಗಳು ಎಣಿಸಿ ತೋರಿಸುತ್ತಾರೆ. ಬೇರೆ ಗ್ರಹದ ಪ್ರಾಣಿಯನ್ನು ಕಲ್ಪಿಸಬೇಕಾದ ಲೇಖಕರೂ ಕೊನೆಗೆ ಮಾಡುವುದು ಇದನ್ನೇ. ಕಂಡ ಪ್ರಾಣಿಗಳ ತುಂಡುಗಳನ್ನು ಹೊಸದಾಗಿ ಜೋಡಿಸುವುದು. ಹೊಯ್ಸಳ ಶಿಲ್ಪಿಯ ಜೋಡಣೆ ಹಾಲಿವುಡ್ಡಿನ ಬಹಳಷ್ಟು ರಾಕ್ಷಸರಿಗಿಂತ ನಯವಾಗಿದೆ ಎಂಬುದು ನನ್ನ ಅಭಿಪ್ರಾಯ.

ಹತ್ತನೇ ತರಗತಿಯಲ್ಲಿ ‘ಕರ್ವಾಲೊ’ ಕೈಗೆ ಬಂತು. ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿ 1980ರಲ್ಲಿ ಪ್ರಕಟವಾದದ್ದು. ಇಂದಿಗೂ ಮರುಮುದ್ರಣವಾಗುತ್ತಲೇ ಇದೆ. ಅದನ್ನು ವೈಜ್ಞಾನಿಕ ಕಥೆ ಎಂದು ಕರೆದರೆ ವಿಮರ್ಶಕರು ಹುಬ್ಬೇರಿಸುತ್ತಾರೆ. ನಾನಂತೂ ಅದನ್ನು ವೆಲ್ಸ್, ವರ್ನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಮೂಡಿಗೆರೆಯ ಕಾಡಿನಲ್ಲಿ ಕೋಟ್ಯಂತರ ವರ್ಷಗಳ ಹಿಂದಿನಿಂದ ಉಳಿದುಬಂದ ಹಾರುವ ಓತಿಯನ್ನು ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ, ಜೇನಿನ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲರೂ ಹೊರಡುತ್ತಾರೆ. ಅಲ್ಲಿಯವರೆಗೆ ನಾನು ಓದಿದ ಅದ್ಭುತಗಳೆಲ್ಲ ಲಂಡನ್ನಿನಲ್ಲೋ, ಮಂಗಳಗ್ರಹದಲ್ಲೋ ನಡೆದಿದ್ದವು. ಮೂಡಿಗೆರೆಗೆ ಹೋಗಬೇಕಾದರೆ ಹಗರೆಯಲ್ಲಿ ಬೇಲೂರಿನ ಬಸ್ಸು ಹತ್ತಿದರೆ ಸಾಕು!

ತರಗತಿಯಲ್ಲಿ ಲೆಕ್ಕದ ಪುಸ್ತಕದೊಳಗಿಟ್ಟು ಓದುತ್ತಿದ್ದಾಗ ಸಿಕ್ಕಿಬಿದ್ದೆ. ಮೇಷ್ಟ್ರು ಪುಸ್ತಕವನ್ನು ಅಪ್ಪನಿಗೇ ಕರೆಸಿ ಕೊಟ್ಟರು. ಅಪ್ಪ ಆಲೂಗೆಡ್ಡೆ ಬೆಳೆಯುವ ಸಣ್ಣ ರೈತರು, ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಬೈಯಲಿಲ್ಲ, ಹೊಡೆಯಲಿಲ್ಲ. ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ‘ಪರೀಕ್ಷೆ ಮುಗೀಲಿ’ ಎಂದರು. ನಾನು ಇಪ್ಪತ್ತು ಪುಟ ಬಾಕಿಯಿಟ್ಟುಕೊಂಡು ಎರಡು ತಿಂಗಳು ಒದ್ದಾಡಿದೆ. ಆ ಓತಿ ಸಿಕ್ಕಿತೋ ಇಲ್ಲವೋ?

ಪರೀಕ್ಷೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಅಪ್ಪ ಟ್ರಂಕು ತೆಗೆದರು. ಪುಸ್ತಕ ಕೊಡುವಾಗ, ಬೇರೆ ಕಡೆ ನೋಡುತ್ತಾ ಕೇಳಿದರು: ‘ಅದು ನಿಜವಾಗ್ಲೂ ಐತೇನ್ಲಾ?’

ರಾತ್ರಿ ನಾವು ಮಲಗಿದ ಮೇಲೆ ಅವರು ಲಾಟೀನು ಹಚ್ಚಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದ್ದರಂತೆ. ಅವ್ವ ಆಮೇಲೆ ಹೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅಪ್ಪನ ಸೋದರತ್ತೆಯ ಮನೆಯಲ್ಲಿ ಒಂದು ಕಾರ್ಯವಿತ್ತು, ಮೂಡಿಗೆರೆ ಕಡೆ. ಸಾಮಾನ್ಯವಾಗಿ ಒಬ್ಬರೇ ಹೋಗಿಬರುತ್ತಿದ್ದ ಅಪ್ಪ ಆ ಸಲ ‘ನೀನೂ ಬಾ’ ಎಂದರು. ಹಗರೆಯಿಂದ ಬೇಲೂರು, ಬೇಲೂರಿನಿಂದ ಮೂಡಿಗೆರೆ. ಬಯಲು ಮುಗಿದು ಕಾಫಿ ತೋಟಗಳು ಶುರುವಾಗುವಾಗ ಬಸ್ಸಿನೊಳಗೆ ಬರುವ ಗಾಳಿಯೇ ಬದಲಾಗುತ್ತದೆ. ಮಾರನೆಯ ದಿನ ಅತ್ತೆಯ ಮನೆಯ ಹಿಂದಿನ ಅಡಿಕೆ ತೋಟದಲ್ಲಿ ಅಪ್ಪ ಅಲ್ಲಿಯ ಆಳನ್ನು ಮೆಲ್ಲಗೆ ವಿಚಾರಿಸಿದರು. ಅವನು ನಕ್ಕು, ‘ಹಾರೋ ಓತಿಯಾ? ಬೇಕಾದಷ್ಟು ಇವೆ. ಬಿಸಿಲೇರಲಿ’ ಎಂದ.

ಹತ್ತು ಗಂಟೆಯ ಹೊತ್ತಿಗೆ ಕಂಡಿತು. ಅಡಿಕೆ ಮರದ ತೊಗಟೆಯ ಬಣ್ಣದ್ದೇ, ಗೇಣುದ್ದ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲ. ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದಂತೆ ಎತ್ತಿ ಇಳಿಸುತ್ತಿತ್ತು. ಹಾಗೇ ಮೇಲೇರುತ್ತ ಹೋಗಿ, ತಟ್ಟನೆ ಮರ ಬಿಟ್ಟು ಜಾರಿತು. ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಚಾಚಿ ಚರ್ಮ ಬಿಚ್ಚಿಕೊಂಡಿತು; ರೆಕ್ಕೆ ಬಡಿತವಿಲ್ಲ, ಸದ್ದಿಲ್ಲ. ಒಣಗಿದ ಎಲೆ ತೇಲಿಹೋದಂತೆ ಆಚೆಯ ಮರಕ್ಕೆ ಹೋಗಿ ಅಂಟಿತು. ಅಪ್ಪ ಬಾಯಿ ತೆರೆದು ನಿಂತಿದ್ದರು.

ವಿಜ್ಞಾನಿಗಳು ಅದನ್ನು ಡ್ರಾಕೊ ಡುಸುಮಿಯರಿ ಎನ್ನುತ್ತಾರೆ. ಪಶ್ಚಿಮ ಘಟ್ಟದ ಕಾಡು ತೋಟಗಳಲ್ಲಿ ಇರುವ ಪ್ರಾಣಿ, ನಮ್ಮ ಬೇಲಿಯ ಓತಿಕ್ಯಾತನ ದೂರದ ದಾಯಾದಿ. ಕೋಟಿ ವರ್ಷಗಳ ಕಾಲ ಬದಲಾಗದೆ ಉಳಿದ ಪುರಾತನ ಜೀವಿ ಅದಲ್ಲ. ಅಷ್ಟು ತೇಜಸ್ವಿಯವರ ಕಲ್ಪನೆ. ಹಾಗಾದರೆ ಅಪ್ಪನ ಪ್ರಶ್ನೆಗೆ ಉತ್ತರ, ಹೌದು ಮತ್ತು ಇಲ್ಲ. ಎಷ್ಟು ಹೌದು, ಎಲ್ಲಿಂದ ಇಲ್ಲ ಎಂದು ಗೆರೆ ಹುಡುಕುವ ಕೆಲಸ ನನಗೆ ಆ ತೋಟದಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ನೆನಪಾಗಲು ಕಾರಣ ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ. ಒಂಬತ್ತನೇ ತರಗತಿ. ಕಾರು ಬೇಡವೆಂದು ಹಗರೆಯಲ್ಲಿ ಬಸ್ಸಿಗೆ ಕಾದು ಹಳೇಬೀಡಿಗೆ ಕರೆದುಕೊಂಡು ಹೋದೆ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬೇಲೂರು, ಸೋಮನಾಥಪುರಗಳ ಜೊತೆ ಸೇರಿದ ಮೇಲೆ ಅಲ್ಲಿ ಜನವೂ ಹೆಚ್ಚು. ಹುಡುಗ ಗೋಡೆ ನೋಡುವುದನ್ನು ಬಿಟ್ಟು ಮೊಬೈಲು ಹಿಡಿದು ಒಂದು ಮೂರ್ತಿಯನ್ನು ಹುಡುಕುತ್ತಿದ್ದ. ‘ಮಾಮ, ಇಲ್ನೋಡು. ಈ ದೇವರ ಕೈಯಲ್ಲಿ ಗೇರ್ ಇದೆ. ಹೊಯ್ಸಳರ ಹತ್ರ ಮಿಷಿನ್ ಇತ್ತು. ವಿಡಿಯೋದಲ್ಲಿ ಪ್ರೂವ್ ಮಾಡಿದ್ದಾರೆ.’

ನಾನು ಸಿಡುಕಿದೆ. ‘ಅದನ್ನ ಮುಚ್ಚು ಮೊದಲು. ಎಲ್ಲಾ ಸುಳ್ಳು’ ಅಂದೆ. ಅವನ ಮುಖ ಸಣ್ಣದಾಯಿತು. ಮೊಬೈಲನ್ನು ಜೇಬಿಗಿಟ್ಟು, ಅಷ್ಟು ದೂರದಲ್ಲಿ ಹೋಗಿ ಕೂತ. ಲೆಕ್ಕದ ಪುಸ್ತಕದಿಂದ ‘ಕರ್ವಾಲೊ’ ಎಳೆದುಕೊಂಡ ಮೇಷ್ಟ್ರ ಕೈ ಈಗ ನನ್ನ ಕೈಯಾಗಿತ್ತು. ಅವರಾದರೂ ಕಾದಂಬರಿಯನ್ನು ಕಿತ್ತುಕೊಂಡಿದ್ದರು. ನಾನು ಹುಡುಗನ ಬೆರಗನ್ನೇ ಕಿತ್ತುಕೊಂಡಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಹೋಗಿ ಕೂತು ಕೇಳಿದೆ. ‘ಸರಿ, ಗೇರ್ ಇತ್ತು ಅಂತಲೇ ಇಟ್ಕೊಳ್ಳೋಣ. ಕಥೆ ಕಟ್ಟೋಣ. ಆ ಗೇರು ಯಾವುದರದ್ದು? ಯಾವ ಲೋಹದ್ದು? ಅದನ್ನ ತಿರುಗಿಸಿದ್ದು ಏನು? ಒಂದು ಗೇರಿಗೆ ಜೊತೆ ಬೇಕಲ್ಲ, ಇನ್ನೊಂದೆಲ್ಲಿ? 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದಾಗ ದೋರಸಮುದ್ರದವರು ಆ ಯಂತ್ರ ಯಾಕೆ ಬಳಸಲಿಲ್ಲ?’

ಒಳ್ಳೆಯ ವೈಜ್ಞಾನಿಕ ಕಥೆ ಇಷ್ಟು ಕಟ್ಟುನಿಟ್ಟಾಗಿರುತ್ತದೆ. ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ ‘ಅದೃಶ್ಯ ಮಾನವ’ದಲ್ಲಿ ಅಸಾಧ್ಯವಾದದ್ದು ಒಂದೇ, ಮನುಷ್ಯ ಕಾಣದಂತಾಗುವುದು. ಉಳಿದದ್ದೆಲ್ಲ ಅದರ ಲೆಕ್ಕಾಚಾರ. ಬಟ್ಟೆ ಕಾಣುತ್ತದಲ್ಲ, ಹಾಗಾಗಿ ಪಾಪ, ಚಳಿಗಾಲದಲ್ಲಿ ಬೆತ್ತಲೆ ಓಡಾಡಬೇಕು. ಉಂಡ ಅನ್ನ ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತಿರುತ್ತದೆ. ಅಷ್ಟಾದರೂ ರಷ್ಯದ ಯಾಕೊವ್ ಪೆರೆಲ್ಮನ್ ಒಂದು ಹುಳುಕು ಹಿಡಿದ: ಬೆಳಕು ಕಣ್ಣಿನೊಳಗೆ ನಿಲ್ಲದೆ ಹಾದುಹೋದರೆ ಆ ಮನುಷ್ಯ ಕುರುಡನಾಗಿರಬೇಕು! ಸೋವಿಯತ್ ಪುಸ್ತಕಗಳು ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ ಇದನ್ನು ಓದಿ ನಾನು ಹಗರೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ನಕ್ಕಿದ್ದೆ. ವೆಲ್ಸನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಕಥೆ ಎಂದು ಒಪ್ಪಿಕೊಂಡು ಬಂದದ್ದರ ಜೊತೆ ಜಗಳವಾಡಬಹುದು. ‘ಪ್ರೂವ್ ಆಗಿದೆ’ ಎಂದು ಬಂದದ್ದರ ಜೊತೆ ಆಡಲಾಗುವುದಿಲ್ಲ; ನಂಬಬೇಕು, ಇಲ್ಲವೇ ಬಿಡಬೇಕು.

ಹುಡುಗನಿಗೆ ನಮ್ಮದೇ ನಾಡಿನ ಒಂದು ಪ್ರಸಂಗ ಹೇಳಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದಲ್ಲಿ ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವನ್ನು ಹೇಳಿ ಬರೆಯಿಸಿದರು. ಭರದ್ವಾಜ ಮಹರ್ಷಿಗಳದ್ದು ಎಂದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವಿವರ, ನಕಾಶೆಗಳೂ ಇದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಗೇಲಿ ಮಾಡದೆ, ಅಕ್ಷರ ಅಕ್ಷರ ಓದಿ, ನಕಾಶೆಗಳ ತೂಕ, ಆಕಾರ ಲೆಕ್ಕ ಹಾಕಿ 1974ರಲ್ಲಿ ವರದಿ ಬರೆದರು. ಭಾಷೆ ಪ್ರಾಚೀನವಲ್ಲ, ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಈ ವಿಮಾನಗಳು ಹಾರಲಾರವು ಎಂದು. ನನಗೆ ಸುಬ್ಬರಾಯ ಶಾಸ್ತ್ರಿಗಳ ಬಗ್ಗೆ ಸಿಟ್ಟಿಲ್ಲ. ಅಂಥ ಕಲ್ಪನೆಯುಳ್ಳವರು ಅದನ್ನು ಕಾದಂಬರಿಯಾಗಿ ಬರೆದಿದ್ದರೆ ಕನ್ನಡಕ್ಕೆ ನಮ್ಮದೇ ಒಬ್ಬ ಜೂಲ್ಸ್ ವರ್ನ್ ಸಿಗುತ್ತಿದ್ದನಲ್ಲ ಎಂಬ ಹೊಟ್ಟೆಯುರಿ ಮಾತ್ರ.

ಅದೇ 1974ರಲ್ಲಿ ಇನ್ನೊಂದು ನಡೆಯಿತು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಕಪ್ಪುಕುಳಿಯ ಬಗ್ಗೆ ಮರಾಠಿಯಲ್ಲಿ ಒಂದು ಕಥೆ ಬರೆದು, ಸ್ವಂತ ಹೆಸರು ಮರೆಮಾಚಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಳಿಸಿದರು. ಕೈಬರಹದ ಗುರುತು ಹತ್ತದಿರಲೆಂದು ಹೆಂಡತಿಯಿಂದ ಬರೆಸಿದರಂತೆ. ಬಹುಮಾನ ಬಂತು. ಕಪ್ಪುಕುಳಿ ಬಲ್ಲವರು ಅದನ್ನು ಕಥೆ ಎಂದೇ ಕರೆದರು. 2025ರಲ್ಲಿ ತೀರಿಕೊಳ್ಳುವವರೆಗೆ ಅವರು ಈ ಎರಡು ಕೆಲಸಗಳನ್ನು ಬೆರೆಸಲಿಲ್ಲ.

‘ಹಾಗಾದ್ರೆ ಮಿಷಿನ್ನೇ ಇರ್ಲಿಲ್ವಾ?’ ಎಂದ ಹುಡುಗ. ದನಿಯಲ್ಲಿ ಇನ್ನೂ ನಿರಾಸೆ. ಅವನನ್ನು ಗುಡಿಯೊಳಗಿನ ಕಂಬಗಳ ಹತ್ತಿರ ಕರೆದೊಯ್ದೆ. ಕಂಬದ ಮೈಗೆ ಬಳೆ ತೊಡಿಸಿದಂತೆ ಸುತ್ತಲೂ ಹರಿದ ಸಣ್ಣ ಸಣ್ಣ ಗೀರುಗಳು, ಕನ್ನಡಿಯಂಥ ಹೊಳಪು. ಈ ಕಂಬಗಳನ್ನು ಚರಕಿಯ ಮೇಲೆ ತಿರುಗಿಸಿ ಕಡೆದಿದ್ದಾರೆಂದು ಬಲ್ಲವರು ಹೇಳುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಬಡಗಿ ತೊಟ್ಟಿಲಿನ ಕಾಲು ಕಡೆಯುವ ಹಾಗೆ ಇಷ್ಟು ಟನ್ ಕಲ್ಲನ್ನು ತಿರುಗಿಸಿದವರು ಯಾರು, ಯಾವುದರಿಂದ? ಹುಡುಗ ಕಂಬಕ್ಕೆ ಒಂದು ಸುತ್ತು ಹಾಕಿದ. ‘ಆನೆ?’ ಎಂದ. ಸ್ವಲ್ಪ ತಡೆದು, ‘ಆನೆ ನಿಂತುಬಿಟ್ರೆ ಗೀರು ಸೊಟ್ಟ ಆಗುತ್ತೆ ಅಲ್ವಾ ಮಾಮ?’ ಎಂದ. ನಾನು ಸುಮ್ಮನಿದ್ದೆ. ಅವನು ಬಗ್ಗಿ ಸೊಟ್ಟ ಗೀರು ಹುಡುಕತೊಡಗಿದ. ಮೊಬೈಲು ಜೇಬಿನಲ್ಲೇ ಇತ್ತು.

ವಾಪಸು ಬರುವಾಗ ರಸ್ತೆಯ ಎರಡೂ ಬದಿಗೆ ಮುಸುಕಿನ ಜೋಳ. ಹೊಯ್ಸಳ ಮೂರ್ತಿಗಳ ಕೈಯಲ್ಲಿರುವುದು ಜೋಳದ ತೆನೆಯೇ ಎಂದು ಅಮೆರಿಕದ ಕಾರ್ಲ್ ಜೊಹಾನೆಸ್ಸನ್ 1989ರಲ್ಲಿ ವಾದಿಸಿದ್ದರು. ಜೋಳದ ತವರು ಅಮೆರಿಕ. ಕೊಲಂಬಸ್ ಹೊರಟದ್ದೇ 1492ರಲ್ಲಿ. ಹಾಗಿದ್ದರೆ ಮುನ್ನೂರು ವರ್ಷ ಮೊದಲೇ ಅದು ಇಲ್ಲಿಗೆ ಬಂದದ್ದು ಹೇಗೆ? ಭಾರತದ ವಿಜ್ಞಾನಿಗಳು ಅದು ತೆನೆಯಲ್ಲ, ಮುತ್ತು ಪೋಣಿಸಿದ ಮುಕ್ತಾಫಲ ಎಂದು ಉತ್ತರ ಕೊಟ್ಟರು. ಇದೂ ‘ಗೇರಿ’ನಂಥದ್ದೇ ಹೇಳಿಕೆ, ಆದರೆ ವಿಜ್ಞಾನ ಪತ್ರಿಕೆಗಳಲ್ಲಿ ಕಾಳುಗಳ ಸಾಲು ಎಣಿಸಿ ಜಗಳವಾಡಿದರು. ಬಹುತೇಕರು ಜೋಳದ ವಾದವನ್ನು ಒಪ್ಪಿಲ್ಲ. ಕೃಷಿ ವಿಜ್ಞಾನಿಯೇ ಆದ ಕೆ.ಎನ್. ಗಣೇಶಯ್ಯನವರು ಈ ಸೋಜಿಗವನ್ನೆತ್ತಿಕೊಂಡು ‘ಕನಕ ಮುಸುಕು’ ಎಂಬ ಕಾದಂಬರಿ ಬರೆದರು. ಕನ್ನಡದಲ್ಲಿ ವೈಜ್ಞಾನಿಕ ಕಥೆಯೆಂದರೆ ಮೊದಲು ನೆನಪಾಗುವ ರಾಜಶೇಖರ ಭೂಸನೂರಮಠರಿಂದ ಹಿಡಿದು ಇವರವರೆಗೆ ಸಾಲು ಚಿಕ್ಕದು. ಅಂಗಡಿಗಳಲ್ಲಿ ಅವು ಮಕ್ಕಳ ಕಪಾಟಿನಲ್ಲೋ, ಪತ್ತೇದಾರಿಯ ನಡುವೆಯೋ ಸಿಕ್ಕಿಕೊಂಡಿರುತ್ತವೆ. ಕೇಳಿದರೂ ಸಿಗುವುದು ಕಷ್ಟ.

ಅಕ್ಕ ರಾತ್ರಿ ಫೋನಿನಲ್ಲಿ ಗದರಿದಳು. ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಕಣೋ. ಕಥೆ ಪುಸ್ತಕ ಕೊಟ್ಟು ಅವನ ತಲೆ ಕೆಡಿಸಬೇಡ. ಇದರಿಂದ ಮಾರ್ಕ್ಸ್ ಬರುತ್ತಾ?’ ತಂದೆ ತಾಯಂದಿರು ಕೇಳಲೇಬೇಕಾದ ಪ್ರಶ್ನೆ. ಬರುತ್ತದೆಂದು ನಾನು ಮಾತು ಕೊಡಲಾರೆ. ‘ಕರ್ವಾಲೊ’ ಓದಿದ ವರ್ಷ ಲೆಕ್ಕದಲ್ಲಿ ನನಗೆ ಬಂದದ್ದು ನಲವತ್ತೊಂದು. ಪುಸ್ತಕ ಟ್ರಂಕಿನಲ್ಲಿ ಇಲ್ಲದಿದ್ದರೆ ಅದೂ ಬರುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಂಡೆ. ಆದರೆ ಅವನ ಕೈಯಲ್ಲಿ ಈಗಾಗಲೇ ದಿನಕ್ಕೆ ಹತ್ತು ಅದ್ಭುತ ಕಥೆಗಳಿವೆ ಅಕ್ಕ, ಒಂದಕ್ಕೂ ‘ಕಥೆ’ ಎಂದು ಹೆಸರು ಬರೆದಿಲ್ಲ ಅಷ್ಟೆ, ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಅಪ್ಪನ ಟ್ರಂಕು ಇನ್ನೂ ಇದೆಯಾ?’ ಎಂದು ಕೇಳಿದಳು.

ಇದೆ. ಪುಸ್ತಕವೂ ಇದೆ, ರಟ್ಟು ಹೋಗಿದೆ. ಹುಡುಗ ಬೆಂಗಳೂರಿಗೆ ಹೊರಟ ದಿನ ಅದನ್ನು ಅವನ ಚೀಲಕ್ಕೆ ಹಾಕಿದೆ. ಹಗರೆಯಲ್ಲಿ ಹಾಸನದ ಬಸ್ಸು ಅರ್ಧ ಗಂಟೆ ತಡ. ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅವನು ಓದತೊಡಗಿದ. ಬಸ್ಸು ಬಂದು ನಿಂತಾಗ ನಾನೇ ಅವನ ಚೀಲ ಎತ್ತಿಕೊಂಡು ಹತ್ತಿಸಬೇಕಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಕೂಗಿದ:

‘ಮಾಮ, ಆ ಓತಿ ನಿಜವಾಗ್ಲೂ ಇದೆಯಾ?’

ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಬೇಸಿಗೆ ರಜೆಗೆ ಬರುತ್ತಾನೆ. ಮೂಡಿಗೆರೆಯ ಅತ್ತೆ ಈಗಿಲ್ಲ, ಅಡಿಕೆ ತೋಟ ಇದೆ.